ಅರವತ್ತೊಂದು ಕಮಾನುಗಳ ಪೇಟೆ

ಕಲಬುರಗಿಗೆ ಬಂದವರನ್ನು ಊರವರು ಮೂರು ಕಡೆ ಕಳಿಸುತ್ತಾರೆ: ಕೋಟೆಗೆ, ಬಂದೇ ನವಾಜರ ದರ್ಗಾಕ್ಕೆ, ಶರಣಬಸವೇಶ್ವರರ ಗುಡಿಗೆ. ಈ ಮೂರರ ನಡುವೆ ಓಡಾಡುವಾಗ ದಾಟುವ ಪೇಟೆಯನ್ನು ನೋಡಬೇಕಾದ ಜಾಗವೆಂದು ಯಾರೂ ಎಣಿಸುವುದಿಲ್ಲ. ನಾನು ಹೋದದ್ದು ಪೇಟೆಗಾಗಿಯೇ. ಹಳೆಯ ಗೆಜೆಟಿಯರಿನ ಒಂದು ವಿವರ ಬಹಳ ದಿನಗಳಿಂದ ತಲೆಯಲ್ಲಿ ಕುಳಿತಿತ್ತು: ಇಲ್ಲೊಂದು 60 ಅಡಿ ಅಗಲದ ಬಜಾರಿದೆ, ಅದರ ಎರಡೂ ಬದಿಗೆ 61 ಕಮಾನುಗಳ ಸಾಲಿದೆ, ಎರಡೂ ತುದಿಗಳಲ್ಲಿ ಅಲಂಕಾರದ ಕಟ್ಟಡಗಳಿವೆ.

ಆ ಬಜಾರು ಇರುವುದು ಕೋಟೆಯೊಳಗೆ. ಕೋಟೆಗೆ ಬಂದವರೆಲ್ಲ ನೇರ ಜಾಮಿ ಮಸೀದಿಗೆ ನಡೆಯುತ್ತಾರೆ. ಅದು ನ್ಯಾಯವೇ. 1367ರ ಶಾಸನವಿರುವ, ಇರಾನಿನ ಕಜ್ವೀನ್ ಮೂಲದ ರಫಿ ಕಟ್ಟಿದ, 216 ಅಡಿಗೆ 176 ಅಡಿ ಅಳತೆಯ ಆ ಮಸೀದಿಗೆ ತೆರೆದ ಅಂಗಳವೇ ಇಲ್ಲ. ಇಡೀ ನೆಲವನ್ನು ಗುಮ್ಮಟಗಳೂ ಬಾಗಿದ ಛಾವಣಿಗಳೂ ಮುಚ್ಚಿವೆ. ಭಾರತದಲ್ಲಿ ಇಂಥ ದೊಡ್ಡ ಮಸೀದಿ ಅಪರೂಪ. ಫೋಟೊ ತೆಗೆದುಕೊಂಡವರು ಅಲ್ಲಿಂದಲೇ ಹಿಂದಿರುಗುತ್ತಾರೆ. ಬಜಾರಿನ ಕಡೆಗೆ ದಾರಿ ತೋರಿಸುವವರು ಯಾರೂ ಇರಲಿಲ್ಲ.

ಅಲ್ಲಿರುವುದು ಚಿಕ್ಕ ಚಿಕ್ಕ ಕೋಣೆಗಳು. ಪ್ರತಿ ಕೋಣೆಗೂ ಮುಂದೊಂದು ಕಮಾನು, ಮೇಲೆ ಅದರದೇ ಕಲ್ಲು-ಗಾರೆಯ ಬಾಗಿದ ಛಾವಣಿ. ಮರದ ತೊಲೆ ಬೇಡದ ಕಟ್ಟಡ ಇದು. ಆದರೆ ಬಾಗಿದ ಛಾವಣಿ ತನ್ನ ಭಾರವನ್ನು ಕೆಳಕ್ಕೆ ಮಾತ್ರ ಇಳಿಸುವುದಿಲ್ಲ, ಅಕ್ಕಪಕ್ಕದ ಗೋಡೆಗಳನ್ನೂ ಹೊರಕ್ಕೆ ನೂಕುತ್ತದೆ. ಒಂದು ಕೋಣೆಯ ನೂಕನ್ನು ಪಕ್ಕದ ಕೋಣೆಯ ನೂಕು ತಡೆಯುತ್ತದೆ, ಅದರದನ್ನು ಅದರಾಚೆಯದು. ಸಾಲಿನ ಕೊನೆಯ ಕೋಣೆಗೆ ಆಸರೆಯಾಗಲು ಪಕ್ಕದವರಿಲ್ಲ. ತುದಿಗಳಲ್ಲಿ ಭಾರೀ ಕಟ್ಟಡಗಳನ್ನು ನಿಲ್ಲಿಸಿದ್ದು ಚಂದಕ್ಕಷ್ಟೇ ಅಲ್ಲ ಎಂದು ನನಗೆ ಅಲ್ಲಿ ನಿಂತಾಗ ಹೊಳೆಯಿತು. ಈ ಬಜಾರಿನಲ್ಲಿ ಒಂದು ಅಂಗಡಿಯನ್ನು ಕೆಡವಿದರೆ ಅದು ಒಂದೇ ಅಂಗಡಿಯ ನಷ್ಟವಲ್ಲ, ಪಕ್ಕದ ಎರಡೂ ಸಡಿಲವಾಗುತ್ತವೆ.

ಮಾರಾಟ ನಿಂತ ಈ ಕೋಣೆಗಳಲ್ಲಿ ಆಮೇಲೆ ಸಂಸಾರಗಳು ಬಂದು ನೆಲೆಸಿದವು. ಕಮಾನಿಗೆ ಇಟ್ಟಿಗೆ ಕಟ್ಟಿ ಬಾಗಿಲಿಟ್ಟರು, ಮುಂದೆ ತಗಡು ಇಳಿಸಿದರು, ಗೋಡೆಗೆ ಸುಣ್ಣ ಬಳಿದರು. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಹಿರಿಯಾಕೆ ಹೇಳಿದರು: “ಬ್ಯಾಸಿಗ್ಯಾಗ ಒಳಗ ಕುಂತ್ರ ತಂಪಿರತದ್ರಿ. ಹೊರಗ ಬೆಂಕಿ ಸುರದಂಗ ಆಗತದ, ಇಲ್ಲಿ ಫ್ಯಾನ್ ಬ್ಯಾಡ.” ಕಲಬುರಗಿಯ ಮೇ ತಿಂಗಳನ್ನು ಕಂಡವರಿಗೆ ಈ ಮಾತಿನ ಬೆಲೆ ಗೊತ್ತು. ದಪ್ಪ ಗೋಡೆ ಹಗಲಿನ ಬಿಸಿಯನ್ನು ಒಳಗೆ ಬಿಡಲು ತಡಮಾಡುತ್ತದೆ. ಸರಕಿಗಾಗಿ ಮಾಡಿದ ಅನುಕೂಲ ಮನುಷ್ಯರಿಗೆ ಒದಗಿದೆ.

ಇತಿಹಾಸ ಚಿಕ್ಕದಾಗಿಯೇ ಹೇಳಬಹುದು. 1347ರಲ್ಲಿ ಅಲಾವುದ್ದೀನ್ ಹಸನ್ ಬಹಮನ್ ಶಾಹ ಕಲಬುರಗಿಯನ್ನು ರಾಜಧಾನಿ ಮಾಡಿದ. 1420ರ ದಶಕದಲ್ಲಿ ಅವನ ವಂಶದ ಅಹಮದ್ ಶಾಹ ರಾಜಧಾನಿಯನ್ನು ಬೀದರಿಗೆ ಒಯ್ದ. ಅರಸರು ಹೋದರು, ಸಂತರು ಉಳಿದರು. ದೆಹಲಿಯಿಂದ ಬಂದಿದ್ದ ಬಂದೇ ನವಾಜರು 1422ರಲ್ಲಿ ಇಲ್ಲಿಯೇ ತೀರಿಕೊಂಡರು, ಅವರ ಉರುಸಿಗೆ ಜನ ಸೇರತೊಡಗಿದರು. ಕೊಳ್ಳುವವರು ಎಲ್ಲಿ ಸೇರುತ್ತಾರೋ ಅಲ್ಲಿಗೆ ಅಂಗಡಿ ಹೋಗುತ್ತದೆ. ದರ್ಗಾದ ಕಡೆ ಅತ್ತರು, ಗಲೇಫು, ಹೂವಿನ ಅಂಗಡಿಗಳು ಎದ್ದವು. ಅಲ್ಲಿ ಎರಡು ಬುರುಜುಗಳ ನಡುವೆ ಎದ್ದ ಬೃಹತ್ ಕಮಾನನ್ನು ತಲೆಯೆತ್ತಿ ನೋಡಬೇಕು, ಅದರ ಮೇಲೆ ಸಿಂಹಗಳ ಕೆತ್ತನೆಯಿದೆ. ಪಕ್ಕದಲ್ಲಿ ಬಿಜಾಪುರದ ಸರದಾರ ಅಫಜಲಖಾನನ ಹೆಸರಿನ ಮಸೀದಿ.

ಇಂದಿನ ಪೇಟೆ ಸರಾಫ್ ಬಜಾರ್, ಕಿರಾಣಾ ಬಜಾರ್ ಎಂದು ಸರಕಿನ ಹೆಸರುಗಳನ್ನೇ ಹೊತ್ತು ಹರಡಿದೆ. ಮೋಮಿನಪುರದ ಓಣಿಗಳು ಅದಕ್ಕೆ ಹೊಂದಿಕೊಂಡಿವೆ. ಮೋಮಿನರು ನೇಕಾರಿಕೆಯ ಜನ. ಆರನೆಯ ನಿಜಾಮ ಮಹಬೂಬರ ಹೆಸರಿನ ಎಂಎಸ್‌ಕೆ ಮಿಲ್ಲು ಊರಿಗೆ ನೂಲಿನ ನಂಟನ್ನು ಗಟ್ಟಿ ಮಾಡಿತ್ತು. ಮಿಲ್ಲು ಮುಚ್ಚಿತು, ಬಡಾವಣೆಗೆ ಅದರ ಹೆಸರು ಉಳಿಯಿತು. ಈ ಓಣಿಗಳಲ್ಲಿ ನಡೆಯುವಾಗ ಕಣ್ಣನ್ನು ಅಂಗಡಿಯ ಫಲಕಕ್ಕಿಂತ ಮೇಲಕ್ಕೆ ಇಡಬೇಕು. ಕೆಳಗೆ ಶಟರು, ಬಣ್ಣದ ಫ್ಲೆಕ್ಸು. ಮೇಲೆ ಅಲ್ಲಲ್ಲಿ ಮರದ ಕಟಾಂಜನ, ಗಾರೆಯ ಕಮಾನು, ಗಿಡ ಬೇರೂರಿದ ಸೂರು. ರಮಜಾನಿನ ಇರುಳು ಇಲ್ಲಿ ನಿದ್ದೆಯಿಲ್ಲ. ತಳ್ಳುಗಾಡಿಯಲ್ಲಿ ಕಮಲಾಪುರದ ಕೆಂಪು ಬಾಳೆ ಸಿಕ್ಕರೆ ಬಿಡಬೇಡಿ. ಭೌಗೋಳಿಕ ಸೂಚ್ಯಂಕದ ಮಾನ್ಯತೆ ಪಡೆದ ಆ ಹಣ್ಣು ಬೇರೆ ಬಾಳೆಗಿಂತ ಬಹಳ ನಿಧಾನವಾಗಿ ಕೈಗೆ ಬರುತ್ತದೆ, ಬೆಲೆಯೂ ಹೆಚ್ಚು.

ಕೋಟೆಯೊಳಗಿನವರನ್ನು ತೆರವು ಮಾಡುವ ವಿಚಾರ ನ್ಯಾಯಾಲಯದವರೆಗೂ ಹೋಗಿದೆ. ಸ್ಮಾರಕ ಉಳಿಯಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಈ ಕೋಣೆಗಳು ಇಷ್ಟಾದರೂ ನಿಂತಿದ್ದರೆ ಅದರಲ್ಲಿ ವರ್ಷವರ್ಷ ಸುಣ್ಣ ಹಚ್ಚಿದ, ಮಳೆಗೆ ಮೊದಲು ಬಿರುಕಿಗೆ ಗಾರೆ ತುಂಬಿದ ಕೈಗಳ ಪಾಲೂ ಇದೆ. ಅವರಿಗೆ ಬೇರೆ ಸೂರು ಕೊಟ್ಟೇ ಎಬ್ಬಿಸಬೇಕು. ಎಬ್ಬಿಸುವ ಮುಂಚೆ ಯಾವ ಛಾವಣಿ ಎಲ್ಲಿ ಸೋರುತ್ತದೆ, ಯಾವ ಗೋಡೆಯನ್ನು ಯಾವಾಗ ಕಟ್ಟಿದ್ದು ಎಂದು ಅವರನ್ನೇ ಕೂರಿಸಿಕೊಂಡು ಬರೆದಿಡಬೇಕು. ಆ ಹಿರಿಯಾಕೆ ತಮ್ಮ ಕೋಣೆಯ ಬಿರುಕುಗಳನ್ನು ಒಂದೊಂದಾಗಿ ತೋರಿಸಿದರು. ಮೂಲೆಯ ಒಂದು ಬಿರುಕು ತಾವು ಮದುವೆಯಾಗಿ ಬಂದಾಗಲೇ ಇತ್ತಂತೆ. “ಇವನ್ನೆಲ್ಲ ಯಾರೂ ಕೇಳಿಲ್ರಿ” ಎಂದರು.