ಅಲ್ಝೈಮರ್ ಕಾಯಿಲೆ ಮತ್ತು ಕ್ಯಾನಬಿಡಿಯಾಲ್

ಕ್ಯಾನಬಿಡಿಯಾಲ್ (ಸಿಬಿಡಿ) ಗಾಂಜಾ ಗಿಡದಲ್ಲಿರುವ ಒಂದು ರಾಸಾಯನಿಕ ಸಂಯುಕ್ತ. ಅದೇ ಗಿಡದ ಟಿಎಚ್‌ಸಿ ಎಂಬ ಸಂಯುಕ್ತದಂತೆ ಇದು ಅಮಲು ತರುವುದಿಲ್ಲ. ಅಲ್ಝೈಮರ್ ಕಾಯಿಲೆಯ ಮೇಲೆ ಇದರ ಪರಿಣಾಮವನ್ನು ಮುಖ್ಯವಾಗಿ ಇಲಿಗಳಲ್ಲಿ ಪರೀಕ್ಷಿಸಲಾಗಿದೆ. ಕೆಲವು ಫಲಿತಾಂಶಗಳು ಆಶಾದಾಯಕವಾಗಿದ್ದರೂ ಮನುಷ್ಯರಲ್ಲಿ ಈ ಕಾಯಿಲೆಗೆ ಇದು ಔಷಧವೆಂದು ಸಾಬೀತಾಗಿಲ್ಲ.

ಹಿನ್ನೆಲೆ

1940ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ರೋಜರ್ ಆಡಮ್ಸ್ ಮತ್ತು ಸಂಗಡಿಗರು ಸಿಬಿಡಿಯನ್ನು ಬೇರ್ಪಡಿಸಿದರು. 1963ರಲ್ಲಿ ಇಸ್ರೇಲಿನ ರಫಾಯೆಲ್ ಮೆಷೂಲಮ್ ಮತ್ತು ಯುವಾಲ್ ಶ್ವೋ ಅದರ ರಚನೆಯನ್ನು ನಿರೂಪಿಸಿದರು.

ಅಲ್ಝೈಮರ್ ಕಾಯಿಲೆಯನ್ನು ಜರ್ಮನಿಯ ವೈದ್ಯ ಅಲೋಯಿಸ್ ಅಲ್ಝೈಮರ್ 1906ರಲ್ಲಿ ಮೊದಲು ವಿವರಿಸಿದರು. ರೋಗಿಯ ಮಿದುಳಿನಲ್ಲಿ ನರಕೋಶಗಳ ಹೊರಗೆ ಅಮಿಲಾಯ್ಡ್-ಬೀಟಾ ಎಂಬ ಪ್ರೋಟೀನಿನ ತುಣುಕುಗಳು ಶೇಖರವಾಗುತ್ತವೆ. ಕೋಶಗಳ ಒಳಗೆ ಟೌ ಪ್ರೋಟೀನಿನ ಎಳೆಗಳು ಸಿಕ್ಕುಗಟ್ಟುತ್ತವೆ. ಜೊತೆಗೆ ಉರಿಯೂತವೂ ಉಂಟಾಗಿ ನರಕೋಶಗಳು ಕ್ರಮೇಣ ನಾಶವಾಗುತ್ತವೆ. ಸಿಬಿಡಿಗೆ ಉರಿಯೂತವನ್ನು ತಗ್ಗಿಸುವ ಮತ್ತು ಉತ್ಕರ್ಷಣವನ್ನು ತಡೆಯುವ ಗುಣಗಳಿರುವುದರಿಂದ ಸಂಶೋಧಕರು ಅದರತ್ತ ಗಮನ ಹರಿಸಿದರು.

ಪ್ರಾಣಿಗಳ ಮೇಲಿನ ಪ್ರಯೋಗಗಳು

2007ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದರಲ್ಲಿ ಇಲಿಗಳ ಮಿದುಳಿನ ಹಿಪೊಕ್ಯಾಂಪಸ್ ಭಾಗಕ್ಕೆ ಅಮಿಲಾಯ್ಡ್-ಬೀಟಾವನ್ನು ಚುಚ್ಚಿ, ಅನಂತರ 7 ದಿನ ಸಿಬಿಡಿ ನೀಡಲಾಯಿತು. ಉರಿಯೂತದ ಗುರುತುಗಳು ಕಡಿಮೆಯಾದವು. 2011ರಲ್ಲಿ ಸ್ಪೇನಿನ ಸಂಶೋಧಕರು ಇದೇ ಬಗೆಯ ಇಲಿಗಳನ್ನು ನೀರಿನ ತೊಟ್ಟಿಯಲ್ಲಿ ಈಜಲು ಬಿಟ್ಟು, ಅಡಗಿದ ಆಸರೆಯ ಜಾಗವನ್ನು ಕಲಿಯುವ ಶಕ್ತಿಯನ್ನು ಅಳೆದರು. ಸಿಬಿಡಿ ಪಡೆದ ಇಲಿಗಳಲ್ಲಿ ಕಲಿಕೆಯ ಕುಂದು ಕಾಣಲಿಲ್ಲ.

2014ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಮನುಷ್ಯರ ರೋಗಕಾರಕ ವಂಶವಾಹಿಗಳನ್ನು ಸೇರಿಸಿದ ಇಲಿಗಳನ್ನು ಬಳಸಿದರು. ದೇಹತೂಕದ ಪ್ರತಿ ಕಿಲೋಗ್ರಾಮಿಗೆ 20 ಮಿಲಿಗ್ರಾಮಿನಂತೆ 3 ವಾರ ಸಿಬಿಡಿ ಕೊಟ್ಟಾಗ, ಹಿಂದೆ ಕಂಡ ಇಲಿಯನ್ನೂ ವಸ್ತುವನ್ನೂ ಗುರುತಿಸುವ ಶಕ್ತಿ ಮರಳಿತು. ಇನ್ನೊಂದು ಪ್ರಯೋಗದಲ್ಲಿ, ಲಕ್ಷಣಗಳು ತೋರುವ ಮೊದಲೇ ಆರಂಭಿಸಿ ಸುಮಾರು 8 ತಿಂಗಳು ನೀಡಿದಾಗ, ಇತರ ಇಲಿಗಳನ್ನು ಗುರುತಿಸುವ ನೆನಪು ಕುಂದಲಿಲ್ಲ. ಆದರೆ ಮಿದುಳಿನಲ್ಲಿದ್ದ ಅಮಿಲಾಯ್ಡ್ ಪ್ರಮಾಣ ಬದಲಾಗಲಿಲ್ಲ. ಆದ್ದರಿಂದ ನೆನಪು ಉಳಿದುದಕ್ಕೆ ಅಮಿಲಾಯ್ಡ್ ಕರಗಿದುದು ಕಾರಣವೆಂದು ಹೇಳಲಾಗದು.

ಮಿತಿಗಳು

ಇಲಿಗಳಿಗೆ ಸಹಜವಾಗಿ ಅಲ್ಝೈಮರ್ ಬರುವುದಿಲ್ಲ. ಪ್ರಯೋಗಕ್ಕಾಗಿ ರೋಗದ ಒಂದೆರಡು ಅಂಶಗಳನ್ನಷ್ಟೇ ಅವುಗಳಲ್ಲಿ ಉಂಟುಮಾಡಲಾಗುತ್ತದೆ. ಮನುಷ್ಯರಲ್ಲಿ ಕಾಯಿಲೆ ಅನೇಕ ವರ್ಷ ಮೌನವಾಗಿ ಬೆಳೆದು, ನರಕೋಶಗಳು ಬಹಳಷ್ಟು ನಾಶವಾದ ಮೇಲೆಯೇ ಸಾಮಾನ್ಯವಾಗಿ ಪತ್ತೆಯಾಗುತ್ತದೆ. ಇಲಿಗಳಲ್ಲಿ ಫಲ ನೀಡಿದ ಹಲವು ಔಷಧಗಳು ಮನುಷ್ಯರಲ್ಲಿ ವಿಫಲವಾಗಿವೆ. ಇಲಿಗೆ ಕೊಟ್ಟ ಪ್ರಮಾಣವನ್ನು ತೂಕಕ್ಕೆ ತಕ್ಕಂತೆ ಗುಣಿಸಿ ಮನುಷ್ಯರಿಗೆ ಅನ್ವಯಿಸುವುದೂ ಸರಿಯಲ್ಲ.

ಮನುಷ್ಯರಲ್ಲಿ ಬಳಕೆ

ಶುದ್ಧೀಕರಿಸಿದ ಸಿಬಿಡಿ ಔಷಧಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2018ರಲ್ಲಿ ಅನುಮತಿ ನೀಡಿದ್ದು ಅಪರೂಪದ, ತೀವ್ರ ಬಗೆಯ ಅಪಸ್ಮಾರಗಳಿಗೆ, ಅಲ್ಝೈಮರಿಗಲ್ಲ. ತೂಕಡಿಕೆ, ಭೇದಿ, ಹಸಿವಿಲ್ಲದಿರುವಿಕೆ ಇದರ ಅಡ್ಡಪರಿಣಾಮಗಳು. ಯಕೃತ್ತಿನ ಕಿಣ್ವಗಳೂ ಏರಬಹುದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್‌ನಂತಹ ಔಷಧಗಳ ಪರಿಣಾಮವನ್ನು ಇದು ಹೆಚ್ಚಿಸಬಲ್ಲದು. ಅಲ್ಝೈಮರ್ ರೋಗಿಗಳಲ್ಲಿ ಹೆಚ್ಚಿನವರು ಹಲವು ಔಷಧ ಸೇವಿಸುವ ವೃದ್ಧರಾದುದರಿಂದ, ವೈದ್ಯರ ಸಲಹೆಯಿಲ್ಲದೆ ಸಿಬಿಡಿ ಎಣ್ಣೆಯನ್ನು ಕೊಡುವುದು ಅಪಾಯಕಾರಿ.