ಸೀಟು ಬಿಡದ ಪಿರಿಡಿನ್

ಮಾನ್ವಿ, ದೇವದುರ್ಗದ ಭತ್ತದ ಗದ್ದೆಯ ಟ್ರ್ಯಾಕ್ಟರ್ ಇರಲಿ, ರಾಯಚೂರಿನ ಬಸ್ಸಿರಲಿ, ನಾವು ತುಂಬಿಸೋ ಡೀಸೆಲ್‌ನಲ್ಲಿ ಗಂಧಕ 10 ಪಿಪಿಎಂ ಮೀರಬಾರದು. 2020ರ ಏಪ್ರಿಲ್ 1ರಿಂದ ದೇಶಕ್ಕೆಲ್ಲ ಬಂದ ಬಿಎಸ್-6 ನಿಯಮ ಇದು. ಆದ್ರೆ ರಿಫೈನರಿಯಲ್ಲಿ ಗಂಧಕ ತೆಗೆಯೋಕೆ ಅಡ್ಡಗಾಲು ಹಾಕೋದು ನೈಟ್ರೋಜನ್!

ಕಚ್ಚಾತೈಲದಲ್ಲಿ ಪಿರಿಡಿನ್ ಜಾತಿಯ ಅಣುಗಳಿರುತ್ತವೆ. ಪಿರಿಡಿನ್ ಅಂದ್ರೆ ಐದು ಕಾರ್ಬನ್, ಒಂದು ನೈಟ್ರೋಜನ್ ಸೇರಿದ ಉಂಗುರ. ಈ ನೈಟ್ರೋಜನ್ ತನ್ನ ಬಿಡಿ ಎಲೆಕ್ಟ್ರಾನ್ ಜೋಡಿಯಿಂದ ಕ್ಯಾಟಲಿಸ್ಟ್‌ಗೆ ಅಂಟಿಕೊಳ್ಳುತ್ತೆ. ಮಾನ್ವಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದಂಗೆ. ಗಂಧಕದ ಅಣುಗಳಿಗೆ ಜಾಗವೇ ಸಿಗಲ್ಲ.

ಎಬ್ಬಿಸೋದು ಹೇಗೆ? ನಿಕಲ್-ಮಾಲಿಬ್ಡಿನಂ ಸಲ್ಫೈಡ್ ಕ್ಯಾಟಲಿಸ್ಟ್ ಮೇಲೆ, ಸುಮಾರು 350 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಭಾರೀ ಒತ್ತಡದ ಹೈಡ್ರೋಜನ್ ಹಾಯಿಸಬೇಕು. ಮೊದಲ ಮೂರು ಹೈಡ್ರೋಜನ್ ಅಣು ಸೇರಿ ಪಿರಿಡಿನ್ ಪೈಪೆರಿಡಿನ್ ಆಗುತ್ತೆ, ಗಟ್ಟಿ ಬಂಧ ಸಡಿಲಾಗುತ್ತೆ. ನಾಲ್ಕನೆಯದು ಉಂಗುರ ಬಿಚ್ಚುತ್ತೆ. ಐದನೆಯದು ನೈಟ್ರೋಜನ್ನನ್ನು ಅಮೋನಿಯಾ ಮಾಡಿ ಹೊರಗೆ ಕಳಿಸುತ್ತೆ. ಉಳಿಯೋದು ಪೆಂಟೇನ್.

ಗಂಧಕವನ್ನಾದ್ರೆ ಎಷ್ಟೋ ಅಣುಗಳಲ್ಲಿ ಉಂಗುರಕ್ಕೆ ಹೈಡ್ರೋಜನ್ ತುಂಬದೆಯೇ ಕಿತ್ತು ಹಾಕಬಹುದು. ನೈಟ್ರೋಜನ್‌ಗೆ ಆ ಅಡ್ಡದಾರಿ ಇಲ್ಲ. ಹೈಡ್ರೋಜನ್ನೂ ಪುಕ್ಕಟೆಯಲ್ಲ: ರಿಫೈನರಿಗಳು ಅದನ್ನು ಬಹುಪಾಲು ನೈಸರ್ಗಿಕ ಅನಿಲ, ನಾಫ್ತಾದಿಂದ ಮಾಡುವಾಗ ಇಂಗಾಲದ ಡೈಆಕ್ಸೈಡ್ ಹೊರಬರುತ್ತೆ. ಕಡಿಮೆ ಹೈಡ್ರೋಜನ್‌ನಲ್ಲಿ ಈ ಉಂಗುರ ಬಿಚ್ಚೋ ಕ್ಯಾಟಲಿಸ್ಟ್ ಹುಡುಕೋದು ನಮ್ಮಂಥ ಎಂಜಿನಿಯರುಗಳಿಗೆ ಉಳಿದಿರೋ ಕೆಲಸ.