ಬಂದೂಕಿನ ಕುದುರೆ

ದೊಡ್ಡಬಳ್ಳಾಪುರದ ಮಗ್ಗಗಳನ್ನು ಹತ್ತಿರದಿಂದ ಕಂಡವರು ಅವುಗಳಲ್ಲಿರುವ ಹಲ್ಲುಗಾಲಿಯನ್ನೂ, ಅದು ಹಿಂದಕ್ಕೆ ತಿರುಗದಂತೆ ತಡೆಯುವ ಪುಟ್ಟ ಕೊಕ್ಕೆಯನ್ನೂ ಗಮನಿಸಿರಬಹುದು. ಬಿಗಿದ ಬಟ್ಟೆಯ ಸೆಳೆತವನ್ನು ತಡೆದು ನಿಲ್ಲಿಸುವುದು ಆ ಕೊಕ್ಕೆಯ ತುದಿಯೇ. ಬಂದೂಕಿನ ಕುದುರೆ, ಅಂದರೆ ಟ್ರಿಗರ್, ಕೆಲಸ ಮಾಡುವುದೂ ಹೆಚ್ಚುಕಡಿಮೆ ಇದೇ ತತ್ತ್ವದಿಂದ.

ಎನ್.ಸಿ.ಸಿ.ಯಲ್ಲಿ ತರಬೇತಿ ಪಡೆದ ವಾಚಕರಿಗೆ .22 ರೈಫಲ್ ಪರಿಚಿತವಾದುದೇ. ಅದರ ತೋಟಾದ ಬುಡದಲ್ಲಿ ಒಂದು ಅಂಚು ಇರುತ್ತದೆ. ಸಿಡಿಮದ್ದನ್ನು ತುಂಬಿರುವುದು ಆ ಅಂಚಿನ ಒಳಗೆ. ಸ್ಪ್ರಿಂಗಿನ ಬಲದಿಂದ ನುಗ್ಗಿದ ಉಕ್ಕಿನ ಕಡ್ಡಿಯು ಅಂಚನ್ನು ಜಜ್ಜಿದಾಗ ಗುಂಡು ಹಾರುತ್ತದೆ. ಆ ಕಡ್ಡಿಯನ್ನು ಅಲ್ಲಿಯವರೆಗೆ ತಡೆದಿರುವ ಕೊಕ್ಕೆಗೆ 'ಸಿಯರ್' ಎಂದು ಹೆಸರು. ನಾವು ಕುದುರೆಯನ್ನು ಎಳೆದಾಗ ಸಿಯರ್ ಜಾರಿ ತಪ್ಪುತ್ತದೆ. ಮಿಕ್ಕುದನ್ನು ಸ್ಪ್ರಿಂಗು ಮಾಡುತ್ತದೆ.

ಇಷ್ಟು ಸರಳವಾದ ಅಂಗವನ್ನು ಕ್ರೀಡಾಪಟುಗಳು ಬದಲಾಯಿಸಬಯಸುವುದೇಕೆ? ಸ್ವಲ್ಪ ಲೆಕ್ಕ ಹಾಕೋಣ. 50 ಮೀಟರ್ ಸ್ಪರ್ಧೆಯ ಗುರಿಹಲಗೆಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ ಕೇವಲ 10.4 ಮಿಲಿಮೀಟರ್. ಹಿಂದಿನ ಮತ್ತು ಮುಂದಿನ ಗುರಿನೋಟಗಳ ನಡುವೆ 80 ಸೆಂಟಿಮೀಟರ್ ಅಂತರವಿದ್ದರೆ, ಮುಂದಿನದು 0.2 ಮಿಲಿಮೀಟರ್ ಪಕ್ಕಕ್ಕೆ ಸರಿದರೂ ಗುಂಡು ಹಲಗೆಯ ಮೇಲೆ 12.5 ಮಿಲಿಮೀಟರ್ ದೂರ ಸರಿಯುತ್ತದೆ. ಹತ್ತು ಅಂಕ ಕೈತಪ್ಪಿತೆಂದೇ ಅರ್ಥ. ಎರಡು ಮೂರು ಕಿಲೋ ತೂಕದ ಬಂದೂಕಿನ ಕುದುರೆಯನ್ನು ಅಷ್ಟೇ ಭಾರದ ಬಲದಿಂದ ಎಳೆಯಬೇಕಾದರೆ ಅದು ಅಲುಗದೆ ಇರುವುದು ಹೇಗೆ?

ಭಾರವೊಂದೇ ದೋಷವಲ್ಲ. ಸಿಯರಿನ ಮುಖ ಒರಟಾಗಿದ್ದರೆ ಕುದುರೆ ತಡೆತಡೆದು ಜಾರುತ್ತದೆ; ಗುಂಡು ಯಾವ ಗಳಿಗೆಯಲ್ಲಿ ಹಾರುವುದೆಂದು ಬೆರಳಿಗೆ ತಿಳಿಯದು. ಸಿಯರ್ ತಪ್ಪಿದ ಮೇಲೂ ಕುದುರೆ ಹಿಂದಕ್ಕೆ ಸಾಗಿದರೆ, ಗುಂಡು ನಳಿಗೆಯಲ್ಲಿರುವಾಗಲೇ ಬಂದೂಕು ಅಲ್ಲಾಡಬಹುದು. ಹೊಸದಾಗಿ ಜೋಡಿಸುವ ಟ್ರಿಗರುಗಳಲ್ಲಿ ಸಿಯರಿನ ಮುಖಗಳು ನುಣುಪಾಗಿರುತ್ತವೆ. ಕುದುರೆಯ ಹಿಂಚಲನೆಯನ್ನು ಒಂದು ತಿರುಪು ತಡೆಯುತ್ತದೆ. ಎರಡು ಹಂತದ ಟ್ರಿಗರಿನಲ್ಲಿ ಮೊದಲ ಹಂತವು ಸಡಿಲವನ್ನು ತೆಗೆದು ಬೆರಳನ್ನು ಹೊಸ್ತಿಲಿಗೆ ತಂದು ನಿಲ್ಲಿಸುತ್ತದೆ. ಎರಡನೆಯದು ಗುಂಡನ್ನು ಬಿಡುತ್ತದೆ. ಸ್ಪರ್ಧೆಯ ರೈಫಲುಗಳಲ್ಲಿ ನೂರು ಗ್ರಾಂ ಆಸುಪಾಸಿನ ಎಳೆತವೇ ಸಾಕಾಗುತ್ತದೆ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ನಮ್ಮ ನೆರೆಯ ಕೊಲ್ಹಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಳೆ ಕಂಚಿನ ಪದಕ ಗೆದ್ದುದು 50 ಮೀಟರ್ ರೈಫಲಿನ ಮೂರು ಭಂಗಿಗಳ ಸ್ಪರ್ಧೆಯಲ್ಲಿ, ಈ .22 ತೋಟಾದಿಂದಲೇ. ಆ ಸ್ಪರ್ಧೆಯಲ್ಲಿ ಎಳೆತಕ್ಕೆ ಕನಿಷ್ಠ ಮಿತಿಯಿಲ್ಲ. 10 ಮೀಟರ್ ಏರ್ ಪಿಸ್ತೂಲಿಗಾದರೋ 500 ಗ್ರಾಂ ಕಡ್ಡಾಯ.

ಹಗುರವಾದಷ್ಟೂ ಒಳ್ಳೆಯದೆಂದು ಇದರಿಂದ ತಿಳಿಯಬಾರದು. ಸಿಯರಿನ ಹಿಡಿತವನ್ನು ಅತಿಯಾಗಿ ಕಿರಿದು ಮಾಡಿದರೆ, ಬಂದೂಕು ನೆಲಕ್ಕೆ ತಗಲಿದ ಪೆಟ್ಟಿಗೇ ಗುಂಡು ಹಾರಬಹುದು. ಅರದಿಂದ ಉಜ್ಜಿ ಉಕ್ಕಿನ ಗಟ್ಟಿ ಮೇಲ್ಪದರವನ್ನು ತೆಗೆದುಬಿಟ್ಟರೆ ಸಿಯರ್ ಬೇಗನೆ ಸವೆದು, ಇಂದು ಸುರಕ್ಷಿತವಾಗಿ ಕಂಡದ್ದು ಕೆಲವು ತಿಂಗಳಲ್ಲಿ ಅಪಾಯಕಾರಿಯಾಗುತ್ತದೆ. ಕಡ್ಡಿಯ ಸ್ಪ್ರಿಂಗನ್ನು ಮೆತ್ತಗೆ ಮಾಡಿದರೆ ತೋಟಾದ ಅಂಚು ಸರಿಯಾಗಿ ಜಜ್ಜದೆ ಗುಂಡು ಹಾರದೆ ಉಳಿಯಬಹುದು.

ಇಂಥ ಬಿಡಿಭಾಗವನ್ನು ನೆಲಮಂಗಲದ ಕಡೆಯ ಯಾವುದಾದರೂ ಲೇತ್ ಕಾರ್ಖಾನೆಯಲ್ಲಿ ಮಾಡಿಸಬಾರದೇಕೆ ಎಂದು ಕೆಲವರು ಕೇಳಬಹುದು. ಕೈಚಳಕಕ್ಕೆ ನಮ್ಮಲ್ಲಿ ಕೊರತೆಯಿಲ್ಲ. ಆದರೆ 1959ರ ಆಯುಧ ಕಾಯಿದೆಯು ಬಂದೂಕಿನ ತಯಾರಿಕೆ, ಮಾರ್ಪಾಟು, ದುರಸ್ತಿಗಳ ಉದ್ಯೋಗಕ್ಕೆ ಪರವಾನಗಿಯನ್ನು ವಿಧಿಸಿದೆ. ಆದುದರಿಂದ ಈ ಕೆಲಸ ಪರವಾನಗಿ ಪಡೆದ ಬಂದೂಕು ಕುಶಲಿಗೇ ಸೇರತಕ್ಕದ್ದು.

ಹೊಸಬರು ಹಣ ವೆಚ್ಚ ಮಾಡುವ ಮುನ್ನ, ಬಂದೂಕು ಬರಿದಾಗಿದೆಯೆಂದು ಖಚಿತಪಡಿಸಿಕೊಂಡು, ತರಬೇತುದಾರರ ಎದುರಿನಲ್ಲಿ ಕುದುರೆ ಎಳೆಯುವ ಅಭ್ಯಾಸ ಮಾಡುವುದು ಲೇಸು. ಕೆಲವು .22 ರೈಫಲುಗಳಲ್ಲಿ ಬರಿದಾಗಿ ಹೊಡೆದ ಕಡ್ಡಿಯು ನಳಿಗೆಯ ಅಂಚಿಗೆ ತಾಕಿ ಅದನ್ನು ಕೆಡಿಸುವುದುಂಟು. ಅಲ್ಲಿ ಹುಸಿ ತೋಟಾ ಬೇಕು. ಒಳ್ಳೆಯ ಕುದುರೆಯು ಬೆರಳಿನ ತಪ್ಪನ್ನು ಕಿರಿದು ಮಾಡಬಲ್ಲುದು; ಬೆರಳಿಗೆ ಸಂಯಮವನ್ನು ಕಲಿಸಬಲ್ಲುದು ಅಭ್ಯಾಸವೊಂದೇ.